ಮೊದಲು ಹಾಡು, ಆಮೇಲೆ ಸ್ವರ

ಐದು ವರ್ಷದ ಮಗಳನ್ನು ಸಂಗೀತದ ಪಾಠಕ್ಕೆ ಸೇರಿಸಿದ ಮೂರೇ ತಿಂಗಳಿಗೆ ಅವಳು 'ನಾನು ಹೋಗೋದಿಲ್ಲ' ಎಂದು ಹಟ ಹಿಡಿಯುವುದು ಹಲವು ಮನೆಗಳ ಕಥೆ. 'ಇವಳಿಗೆ ಸಂಗೀತ ಒಲಿಯಲಿಲ್ಲ' ಎಂದು ತಂದೆತಾಯಿ ಸುಮ್ಮನಾಗುತ್ತಾರೆ. ಅದೇ ಹುಡುಗಿ ಸಂಜೆ ಅಂಗಳದಲ್ಲಿ ಗೆಳತಿಯರೊಡನೆ ಚಪ್ಪಾಳೆ ತಟ್ಟಿ, ಹಾಡಿ ಕುಣಿಯುತ್ತಿರುತ್ತಾಳೆ. ಹಾಗಾದರೆ ಒಲಿಯದೆ ಹೋದದ್ದು ಸಂಗೀತವೇ, ಕಲಿಸಿದ ಕ್ರಮವೇ?

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಹಂಗೆರಿಯ ಸಂಗೀತ ರಚನಕಾರ ಜೊಲ್ತಾನ್ ಕೊದಾಯ್ (1882-1967). ಗೆಳೆಯ ಬೇಲಾ ಬಾರ್ತೋಕ್ ಜೊತೆ ಹಳ್ಳಿಗಳಲ್ಲಿ ಅಲೆದು ಜನಪದ ಗೀತೆಗಳನ್ನು ಸಂಗ್ರಹಿಸಿದ್ದ ಅವರು, ಶಾಲಾ ಮಕ್ಕಳ ಹಾಡುಗಾರಿಕೆಯ ಬಡತನ ಕಂಡು ನೊಂದರು. ಸಂಗೀತ ಕೆಲವರ ಸೊತ್ತಲ್ಲ, ಎಲ್ಲ ಮಕ್ಕಳದು ಎಂಬುದು ಅವರ ನಿಲುವಾಗಿತ್ತು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ, ಗಣಿತ, ಭಾಷೆಗಳಂತೆ ಸಂಗೀತವೂ ದಿನನಿತ್ಯದ ಪಾಠವಾಗಿದ್ದ ಪ್ರಾಥಮಿಕ ಶಾಲೆಯೊಂದು ಆರಂಭವಾಯಿತು. ಮುಂದೆ ಹಂಗೆರಿಯಲ್ಲಿ ಅಂಥ ನೂರಕ್ಕೂ ಹೆಚ್ಚು ಶಾಲೆಗಳು ಹುಟ್ಟಿಕೊಂಡವು.

ಕೊದಾಯ್ ಅವರ ತರ್ಕ ಸರಳ. ಮಗು ಮೊದಲು ಮಾತಾಡುತ್ತದೆ, ಅಕ್ಷರ ತಿದ್ದುವುದು ಆಮೇಲೆ. ಸಂಗೀತದಲ್ಲೂ ಹಾಗೆಯೇ ಆಗಬೇಕು. ಮೊದಲ ವಾದ್ಯ ಕೊರಳು. ಮೊದಲ ಪಾಠ ಮಗುವಿನ ಭಾಷೆಯ ಜನಪದ ಹಾಡು, ಆಟದ ಹಾಡು.

ಈ ತರಗತಿಯಲ್ಲಿ ಮಕ್ಕಳು ಒಂದೇ ಕಡೆ ಕೂತಿರುವುದಿಲ್ಲ. ನಡೆಯುವ ಹೆಜ್ಜೆಗೆ 'ತಾ', ಓಡುವ ಹೆಜ್ಜೆಗೆ 'ತಿ-ತಿ'. ಒಂದು ನಡಿಗೆಯ ಹೊತ್ತಿನಲ್ಲಿ ಎರಡು ಓಟದ ಹೆಜ್ಜೆ ಎಂಬ ಲಯದ ಲೆಕ್ಕ ಕಾಲಿಗೆ ತಿಳಿದ ಮೇಲೆ ಕಾಗದಕ್ಕೆ ಬರುತ್ತದೆ. ಸ್ವರಕ್ಕೆ ಕೈಸನ್ನೆಗಳುಂಟು. ಆಧಾರಸ್ವರಕ್ಕೆ ಸೊಂಟದ ಮಟ್ಟದಲ್ಲಿ ಮುಷ್ಟಿ. ಸ್ವರ ಏರಿದಂತೆ ಕೈಯೂ ಏರುತ್ತದೆ. ಇಂಗ್ಲೆಂಡಿನ ಜಾನ್ ಕರ್ವೆನ್ ಬೆಳೆಸಿದ್ದ ಈ ಸನ್ನೆಗಳನ್ನು ಹಂಗೆರಿಯವರು ಅಳವಡಿಸಿಕೊಂಡರು. ಇನ್ನೊಂದು ಆಟ: ಶಿಕ್ಷಕಿ ಸನ್ನೆ ಮಾಡಿದೊಡನೆ ದನಿ ನಿಲ್ಲಬೇಕು, ಹಾಡು ಮನಸ್ಸಿನಲ್ಲೇ ಸಾಗಬೇಕು, ಮತ್ತೆ ಸನ್ನೆಯಾದಾಗ ಸರಿಯಾದ ಜಾಗದಿಂದ ಎಲ್ಲರೂ ದನಿ ಎತ್ತಬೇಕು. ಮಕ್ಕಳಿಗೆ ಇದು ಮೋಜು. ಆದರೆ ಒಳಗಿವಿ ಪಳಗುವುದು ಹೀಗೆಯೇ.

ಸ್ವರಗಳೂ ಒಟ್ಟಿಗೆ ಬರುವುದಿಲ್ಲ. ಮೊದಲು ಎರಡೇ ಸ್ವರ, ನಮ್ಮ ಲೆಕ್ಕದಲ್ಲಿ ಪ ಮತ್ತು ಗ. ಬಳಿಕ ದ, ಆಮೇಲೆ ಸ, ರಿ. ಈ ಐದನ್ನು ಸಾಲಾಗಿ ಜೋಡಿಸಿದರೆ ನಮ್ಮ ಮೋಹನ ರಾಗದ ಸ್ವರಗಳು! ಒತ್ತೊತ್ತಾದ ಸ್ವರಗಳು ಇದರಲ್ಲಿ ಇಲ್ಲದಿರುವುದರಿಂದ ಎಳೆಯ ಕೊರಳಿಗೆ ಹಾಡುವುದು ಸುಲಭ.

ನಮ್ಮಲ್ಲಿ ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ಹೇಳುವ ಸರಳೆ, ಜಂಟಿ ವರಸೆಗಳು ಮಾಯಾಮಾಳವಗೌಳದಲ್ಲಿವೆ. ಸ-ರಿ, ಗ-ಮ, ಪ-ದ, ನಿ-ಸ ಇಲ್ಲಿ ತೀರ ಹತ್ತಿರ. ಶ್ರುತಿ ಪಳಗಿಸಲು ಇದು ಹದವಾದ ಸಾಧನೆ. ಇದನ್ನು ಬಿಡಬೇಕೆಂದು ಯಾರೂ ಹೇಳರು. ಆದರೆ ಅದಕ್ಕೆ ಮುಂಚೆ ಒಂದೆರಡು ವರ್ಷ ಹಾಡು, ಕೋಲಾಟ, ಚಪ್ಪಾಳೆಯಾಟಗಳಲ್ಲಿ ಮಗು ನಲಿದರೆ ನಷ್ಟವೇನು? ಬೆರಳೆಣಿಸಿ, ಕೈ ತಿರುಗಿಸಿ ಎಂಟಕ್ಷರದ ಆದಿತಾಳ ಹಾಕುವ ನಾಡಿಗೆ ಮೈಯಿಂದ ಲಯ ಕಲಿಯುವುದು ಹೊಸದಲ್ಲ.

ಜನಪದ ಸಂಗೀತವನ್ನು ಶಾಲೆಯ ಮೂಲಕ ಉಳಿಸಿಕೊಂಡ ಈ ಹಂಗೆರಿ ಕ್ರಮವನ್ನು ಯುನೆಸ್ಕೊ 2016ರಲ್ಲಿ ಉತ್ತಮ ಸಂರಕ್ಷಣಾ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ದುಬಾರಿ ಕೀಬೋರ್ಡ್ ಬೇಕಿಲ್ಲ. ಅಜ್ಜಿಗೆ ನೆನಪಿರುವ ನಾಲ್ಕು ಹಾಡು, ಕುಣಿಯಲು ಒಂದಿಷ್ಟು ಜಾಗ, ದಿನಕ್ಕೆ ಹತ್ತು ನಿಮಿಷ ಜೊತೆಗೆ ಹಾಡುವ ತಾಯಿ ಅಥವಾ ತಂದೆ ಇದ್ದರೆ ಸಾಕು. ಸಂಗೀತದ ಪರೀಕ್ಷೆಗೆ ಮುಂದೆ ಬೇಕಾದಷ್ಟು ಕಾಲವಿದೆ. ಹಾಡಲು ನಾಚುವುದನ್ನು ಕಲಿಯುವ ಮೊದಲೇ ಮಗು ಹಾಡುವುದನ್ನು ಕಲಿಯಲಿ.