ಮತಗಳ್ಳತನದ ಆರೋಪ ಮತ್ತು ಮಾನಹಾನಿಯ ಕಾನೂನು

(ಹಿರೇಹಡಗಲಿಯ ಜುಮಾ ಬಯಾನ್‌ನ ಸಾರಾಂಶ)



ಕೆಲವು ತಿಂಗಳ ಹಿಂದೆ ನಮ್ಮ ಜಮಾಅತಿನ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಬಂತು. ಮೊಹಲ್ಲಾದ ಹನ್ನೊಂದು ಮಂದಿಯ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲ, ತೆಗೆಸಿದವರು ಇಂಥ ಅಂಗನವಾಡಿ ಕಾರ್ಯಕರ್ತೆ ಎಂದು ಅದರಲ್ಲಿತ್ತು. ಆಕೆಯೇ ಆ ಬೂತಿನ ಬಿಎಲ್‌ಒ. ಆಕೆಯ ಹೆಸರನ್ನೂ ಓಣಿಯನ್ನೂ ಹೇಳಿದ್ದರು. ನಾನು ಪೂರ್ತಿ ಕೇಳದೆಯೇ ಇನ್ನೊಂದು ಗುಂಪಿಗೆ ಕಳಿಸಿಬಿಟ್ಟೆ. ಸುದ್ದಿ ಬಂದರೆ ಮೊದಲು ವಿಚಾರಿಸಿ ಎಂದು ಸೂರಾ ಹುಜುರಾತ್ ಹಿಡಿದು ಮಿಂಬರ್‌ನಿಂದ ಎಷ್ಟೋ ಸಲ ಹೇಳಿದವನು ನಾನು. ಆದರೆ ಬೆರಳು ನಾಲಿಗೆಗಿಂತ ಬೇಗ ಓಡುತ್ತದೆ.

ಮೂರು ದಿನದ ಮೇಲೆ ಪಟ್ಟಿ ತರಿಸಿ ನೋಡಿದೆವು. ಒಂಬತ್ತು ಹೆಸರು ಪಕ್ಕದ ಭಾಗದ ಪಟ್ಟಿಯಲ್ಲಿದ್ದವು. ಒಬ್ಬರು ತೀರಿಕೊಂಡವರು. ಇನ್ನೊಬ್ಬಳು ಮದುವೆಯಾಗಿ ಕೊಟ್ಟೂರಿಗೆ ಹೋದ ಹುಡುಗಿ. ಅಷ್ಟರಲ್ಲಿ ಆ ಕಾರ್ಯಕರ್ತೆಗೆ ಯಾರ್ಯಾರೋ ಫೋನ್ ಮಾಡಿ ಬೈದಾಗಿತ್ತು.

ಇಂಥದೇ ಸಂಗತಿ ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಯಾಯಿತು. 2020ರ ಅಧ್ಯಕ್ಷರ ಚುನಾವಣೆಯಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ರೂಬಿ ಫ್ರೀಮನ್, ಶೇ ಮಾಸ್ ಎಂಬ ತಾಯಿ ಮಗಳು ಮತ ಎಣಿಕೆಯ ಕೆಲಸಕ್ಕಿದ್ದರು. ಎಣಿಕೆ ಕೇಂದ್ರದ ಕ್ಯಾಮೆರಾ ದೃಶ್ಯದ ತುಣುಕೊಂದನ್ನು ಹಿಡಿದು, ಸೋತ ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಇವರಿಬ್ಬರೂ ಮೋಸ ಮಾಡಿದರು ಎಂದು ಸಾರಿದರು. ತಾಯಿ ಮಗಳ ಕೈಗೆ ಕೊಟ್ಟದ್ದು ಯುಎಸ್‌ಬಿ ಡ್ರೈವ್ ಎಂದೂ ಹೇಳಿದರು. ಅದು ಶುಂಠಿ ಪೆಪ್ಪರಮಿಂಟು ಎಂದು ಮಗಳು ಮುಂದೆ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದಳು. ಬೆದರಿಕೆಗಳು ಎಷ್ಟು ಬಂದವೆಂದರೆ ತಾಯಿ ಮನೆ ಬಿಟ್ಟು ಬೇರೆ ಕಡೆ ಇರಬೇಕಾಯಿತು. ರಾಜ್ಯದ ತನಿಖೆಯಲ್ಲಿ ಮೋಸ ಕಾಣಲಿಲ್ಲ. 2023ರ ಡಿಸೆಂಬರ್‌ನಲ್ಲಿ ಜ್ಯೂರಿ, ಜೂಲಿಯಾನಿ ಅವರಿಗೆ 148 ದಶಲಕ್ಷ ಡಾಲರ್ ಕೊಡಬೇಕೆಂದು ಹೇಳಿತು. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ಕೋಟಿ ರೂಪಾಯಿಗೂ ಹೆಚ್ಚು. ಆ ಆರೋಪವನ್ನು ಪ್ರಸಾರ ಮಾಡಿದ ಒನ್ ಅಮೆರಿಕ ನ್ಯೂಸ್ ವಾಹಿನಿ 2022ರಲ್ಲೇ ರಾಜಿ ಮಾಡಿಕೊಂಡಿತ್ತು.

ಅದೇ ಚುನಾವಣೆಯಲ್ಲಿ ಮತಯಂತ್ರ ಒದಗಿಸಿದ ಡೊಮಿನಿಯನ್ ಕಂಪನಿ ಫಾಕ್ಸ್ ನ್ಯೂಸ್ ಮೇಲೆ 160 ಕೋಟಿ ಡಾಲರಿನ ದಾವೆ ಹೂಡಿತು. ಯಂತ್ರಗಳು ಮತ ಬದಲಿಸಿದವು ಎಂಬ ಮಾತನ್ನು ವಾಹಿನಿ ಮತ್ತೆ ಮತ್ತೆ ಬಿತ್ತರಿಸಿತ್ತು. ಅಲ್ಲಿನ ಕಾನೂನು ಮಾಧ್ಯಮಕ್ಕೆ ಬಹಳ ರಕ್ಷಣೆ ಕೊಡುತ್ತದೆ. ಸಾರ್ವಜನಿಕವಾಗಿ ಹೆಸರುಳ್ಳವರು ಗೆಲ್ಲಬೇಕಾದರೆ ಮಾತು ಸುಳ್ಳು ಎಂದು ತೋರಿಸಿದರೆ ಸಾಲದು. ಸುಳ್ಳೆಂದು ಗೊತ್ತಿದ್ದೂ ಹೇಳಿದರು, ಇಲ್ಲವೇ ನಿಜವೋ ಸುಳ್ಳೋ ಎಂದು ಲಕ್ಷ್ಯವೇ ಇಡಲಿಲ್ಲ ಎಂದು ತೋರಿಸಬೇಕು. ಫಾಕ್ಸ್ ಸಿಕ್ಕಿಬಿದ್ದದ್ದು ಇಲ್ಲೇ. ನಿರೂಪಕರು ಒಳಗೊಳಗೆ ಕಳಿಸಿಕೊಂಡ ಸಂದೇಶಗಳಲ್ಲಿ ತಾವೇ ಅದನ್ನು ನಂಬದೆ ಗೇಲಿ ಮಾಡಿದ್ದರು. 2023ರ ಏಪ್ರಿಲ್ 18ರಂದು 78.75 ಕೋಟಿ ಡಾಲರ್ ಕೊಡಲು ಒಪ್ಪಿ ವ್ಯಾಜ್ಯ ಮುಗಿಸಿಕೊಂಡರು.

ನಮ್ಮ ದೇಶದಲ್ಲಿ ಕಾನೂನು ಬೇರೆ ತರಹ. ಪರಿಹಾರಕ್ಕೆ ಸಿವಿಲ್ ದಾವೆ ಉಂಟು, ಅದರ ಮೇಲೆ ಮಾನಹಾನಿ ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಕಾಂಗ್ರೆಸ್ ಪತ್ರಿಕೆಗಳಲ್ಲಿ ಹಾಕಿಸಿದ ‘ಭ್ರಷ್ಟಾಚಾರದ ದರಪಟ್ಟಿ’ ಜಾಹೀರಾತಿನ ಮೇಲೆ ಬಿಜೆಪಿ ಮಾನಹಾನಿಯ ದೂರು ಕೊಟ್ಟಿತು. ಅದು ಮತಗಳ್ಳತನದ ಮಾತಲ್ಲ. ಆದರೂ 2024ರ ಜೂನ್‌ನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ರಾಹುಲ್ ಗಾಂಧಿ ಮೂವರೂ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಬಂದು ಜಾಮೀನು ಪಡೆಯಬೇಕಾಯಿತು. ಅವರ ಬೆನ್ನಿಗೆ ವಕೀಲರಿದ್ದರು. ವಾಟ್ಸಾಪಿನಲ್ಲಿ ಮುಂದಕ್ಕೆ ಕಳಿಸುವ ನಮ್ಮ ಹುಡುಗರಿಗೆ ಯಾರಿದ್ದಾರೆ?

ಹಾಗಾದರೆ ಮತ ಕಳವು ಆದಾಗಲೂ ಬಾಯಿ ಮುಚ್ಚಿಕೊಂಡಿರಬೇಕೇ ಎಂದು ಜುಮಾ ಮುಗಿದ ಮೇಲೆ ಒಬ್ಬ ಯುವಕ ಕೇಳಿದ. ಸರಿಯಾದ ಪ್ರಶ್ನೆ. ಮಾನಹಾನಿ ಎಂಬ ಕೋಲು ಹಿಡಿದು ನಿಜ ಹೇಳುವವರನ್ನೂ ಹೆದರಿಸುವವರಿದ್ದಾರೆ. ಕಾನೂನಿನಲ್ಲೇ ಇದಕ್ಕೆ ಬಾಗಿಲು ಇಟ್ಟಿದ್ದಾರೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲ. ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಕೊಟ್ಟ ದೂರೂ ಅಲ್ಲ. ಕಾನೂನಿನ ಭಾಷೆಯಲ್ಲಿ ಸದ್ಭಾವನೆ ಎಂದರೆ ತಕ್ಕ ಎಚ್ಚರ ಮತ್ತು ಗಮನದಿಂದ ಮಾಡಿದ ಕೆಲಸ. ನಿಯ್ಯತ್ ಒಳ್ಳೆಯದಿತ್ತು ಎಂದಷ್ಟೇ ಹೇಳಿ ಪಾರಾಗಲಾಗದು. ನನ್ನದೂ ಒಳ್ಳೆಯದೇ ಇತ್ತು.

ಈ ಬಾಗಿಲಿನಿಂದ ಹೋದ ಉದಾಹರಣೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದೆ. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಬೇರೆಯವರ ಹೆಸರಿನಲ್ಲಿ ಯಾರೋ ಹಾಕಿದ್ದರು. ಇದು ಮೊದಲು ಬಯಲಾದದ್ದು ಒಬ್ಬ ಬಿಎಲ್‌ಒಗೆ ತಮ್ಮ ಸಂಬಂಧಿಕರ ಹೆಸರೇ ಆ ಅರ್ಜಿಗಳಲ್ಲಿ ಕಂಡಾಗ. ನಾವು ಬೈದ ಆ ಕಾರ್ಯಕರ್ತೆಯಂಥವರೇ ಅಲ್ಲಿ ಕಳವು ಹಿಡಿದವರು. ಬಿ.ಆರ್. ಪಾಟೀಲರು ದೂರು ಕೊಟ್ಟರು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಆ ಹೆಸರುಗಳು ಪಟ್ಟಿಯಲ್ಲಿ ಉಳಿದವು. 2023ರ ಫೆಬ್ರುವರಿಯಲ್ಲಿ ಪೊಲೀಸ್ ಪ್ರಕರಣ, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರದ ಎಸ್‌ಐಟಿ. ಆರೋಪಿಗಳ ಹೆಸರು ನಾನು ಬರೆಯುವುದಿಲ್ಲ, ಅದು ನ್ಯಾಯಾಲಯದ ಕೆಲಸ.

ಹೆಸರು ಕಾಣದಿದ್ದರೆ ಮಾಡಬೇಕಾದದ್ದು ಇಷ್ಟು. ಮೊದಲು ಅಕ್ಕಪಕ್ಕದ ಭಾಗಗಳ ಪಟ್ಟಿ ನೋಡಿ. ಇಲ್ಲವೆಂದಾದರೆ ನಮೂನೆ 6, ವಿಳಾಸ ಅಥವಾ ತಿದ್ದುಪಡಿಗೆ ನಮೂನೆ 8. ಇನ್ನೊಬ್ಬರು ನಿಮ್ಮ ಹೆಸರು ತೆಗೆಯಲು ಹಾಕುವ ಅರ್ಜಿ ನಮೂನೆ 7. ನೋಂದಣಿ ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಪಡೆಯಿರಿ.

ಸದರ್ ಸಾಹೇಬರನ್ನು ಕರೆದುಕೊಂಡು ಆ ಕಾರ್ಯಕರ್ತೆಯ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿಬಂದೆ. ಚಹಾ ಕೊಟ್ಟರು. ‘ನೀವೇನೋ ಬಂದ್ರಿ ಸಾಬ್ರೇ. ಅದನ್ನ ಕೇಳಿದೋರೆಲ್ಲರ ಮನಿಗೆ ಯಾರು ಹೋಗಿ ಹೇಳ್ತಾರ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅದೇ ಎರಡು ಗುಂಪುಗಳಿಗೆ ನನ್ನ ಧ್ವನಿಯಲ್ಲೇ ಕ್ಷಮೆಯ ಸಂದೇಶ ಕಳಿಸಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ. ಪಟ್ಟಿಯ ಪ್ರತಿ ಮಸೀದಿಯ ಕಚೇರಿಯಲ್ಲಿದೆ. ಮಗ್ರಿಬ್ ನಮಾಜಿನ ನಂತರ ಬಂದು ನಿಮ್ಮ ಮನೆಯವರ ಹೆಸರುಗಳನ್ನು ನೋಡಿಕೊಳ್ಳಬಹುದು.