ಕಿರುಪ್ರಬಂಧದ ಪ್ರಶ್ನೆ: ಅರ್ಥಶಾಸ್ತ್ರದಿಂದ ಒಂದು ನಿದರ್ಶನ

ಅರ್ಥಶಾಸ್ತ್ರದಲ್ಲಿ ಕಿರುಪ್ರಬಂಧಕ್ಕೆ ತೊಡಗುವ ಹೊರನಾಡಿನ ಕನ್ನಡ ವಿದ್ಯಾರ್ಥಿಗಳು ಬಹುಮಟ್ಟಿಗೆ ಆರಿಸಿಕೊಳ್ಳುವುದು ವಿಷಯವನ್ನು, ಪ್ರಶ್ನೆಯನ್ನಲ್ಲ. ‘ಮುಂಬಯಿಯ ಉಡುಪಿ ಹೋಟೆಲುಗಳು’ ಎಂಬ ಶೀರ್ಷಿಕೆಯಡಿ ಏನನ್ನು ಬರೆದರೂ ಸಲ್ಲುತ್ತದೆ. ಅದರ ದೌರ್ಬಲ್ಯವೂ ಅದೇ.

ಅದನ್ನು ಹೀಗೆ ತಿದ್ದಿ ನೋಡೋಣ: ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಭೂಮಿ ಕಳೆದುಕೊಂಡ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಧಣಿಗಳ ಮನೆಗಳಿಂದ, ಭೂಮಿ ಪಡೆದ ಒಕ್ಕಲುಗಳ ಮನೆಗಳಿಗಿಂತ ಹೆಚ್ಚು ಮಂದಿ ಮುಂಬಯಿಗೆ ಹೋದರೇ? ಇಲ್ಲಿ ಕಾಲ, ಸ್ಥಳ, ಹೋಲಿಕೆ ಮೂರೂ ಖಚಿತ. ‘ಇಲ್ಲ’ ಎಂಬ ಉತ್ತರಕ್ಕೂ ಎಡೆಯುಂಟು.

ಇನ್ನು ಆಧಾರದ ಮಾತು. ಜನಗಣತಿಯ ಕೋಷ್ಟಕಗಳಲ್ಲಿ 1971ರಿಂದ ಹಿಂದಿನ ವಾಸಸ್ಥಳವೂ 1981ರಿಂದ ವಲಸೆಯ ಕಾರಣವೂ ದೊರೆಯುತ್ತವೆ. ಬಂದವನು ಧಣಿಯ ಮಗನೋ ಒಕ್ಕಲಿನ ಮಗನೋ ಎಂಬುದು ದೊರೆಯದು. ಭೂ ನ್ಯಾಯಮಂಡಳಿಯ ಕಡತಗಳಲ್ಲಿ, ಅಂದರೆ ಊರವರು ‘ಡಿಕ್ಲರೇಶನ್’ ಎನ್ನುವ ಅರ್ಜಿಗಳಲ್ಲಿ, ಧಣಿ-ಒಕ್ಕಲು ಇಬ್ಬರ ಹೆಸರೂ ಇವೆ, ವಲಸೆಯ ಸುದ್ದಿ ಇಲ್ಲ. ಎರಡನ್ನೂ ಬೆಸೆಯಲು ಮನೆಮನೆಯ ವಿಚಾರಣೆಯೇ ಬೇಕು.

ಮುಂಬಯಿಯಲ್ಲಿರುವ ಸಂಶೋಧಕರು ಎಡವುವುದು ಇಲ್ಲಿಯೇ. ಹತ್ತಿರವಿರುವ ಹೋಟೆಲುಗಳಲ್ಲಿ ಕೇಳಿದರೆ ಸಿಗುವವರೆಲ್ಲ ಬಂದವರು. ಊರಿನಲ್ಲೇ ಉಳಿದವರನ್ನು ಎಣಿಸದೆ ಹೆಚ್ಚು-ಕಡಿಮೆಗಳ ನಿರ್ಣಯ ಅಸಾಧ್ಯ. ಮೇಲಾಗಿ ಕರಾವಳಿಯವರು ಮುಂಬಯಿಯ ಹಾದಿ ಹಿಡಿದದ್ದು 1974ಕ್ಕಿಂತ ಬಹಳ ಹಿಂದೆಯೇ. ಆದಕಾರಣ ಪ್ರತಿ ಮನೆಯಲ್ಲೂ ತಿದ್ದುಪಡಿಗೆ ಮೊದಲು ಹೋದವರೆಷ್ಟು, ಅನಂತರ ಹೋದವರೆಷ್ಟು ಎಂದು ಬೇರೆಬೇರೆಯಾಗಿ ಕೇಳಬೇಕು.

ಇದಿಷ್ಟೂ ಒಬ್ಬ ವಿದ್ಯಾರ್ಥಿಯ ಒಂದು ವರ್ಷಕ್ಕೆ ಭಾರವೇ ಸರಿ. ಜಿಲ್ಲೆಯನ್ನು ಬಿಟ್ಟು ಒಂದೇ ಗ್ರಾಮವನ್ನು ಹಿಡಿಯುವುದು ಲೇಸು. ಹೋಲಿಕೆಯನ್ನು ಮಾತ್ರ ಬಿಡಲಾಗದು.