ಸ್ಪಂಜಿನ ರಾಕ್ಷಸರನ್ನು ಕಟ್ಟಿದವರು

1956ರಲ್ಲಿ ತೆರೆಕಂಡ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಎಂಬ ಹಾಲಿವುಡ್ ಚಿತ್ರದಲ್ಲಿ ಶುಕ್ರಗ್ರಹದ ಜೀವಿಯೊಂದು ಭೂಮಿಯನ್ನು ಗೆಲ್ಲಲು ಬರುತ್ತದೆ. ನೆಟ್ಟಗೆ ನಿಲ್ಲಿಸಿದ ದಪ್ಪ ಸೌತೆಕಾಯಿಯಂಥ ಮೈ, ಬದಿಗೆ ಚಾಚಿದ ಕೊಂಡಿಗೈಗಳು, ಸಿಡುಕು ಮುಖ, ಬಾಯ್ತುಂಬ ಕೋರೆಹಲ್ಲು. ಅದಕ್ಕೆ ‘ಬ್ಯೂಲಾ’ ಎಂಬ ಮುದ್ದಿನ ಹೆಸರೂ ಇತ್ತು.

ಬ್ಯೂಲಾ ಹುಟ್ಟಿದ್ದು ಯಾವ ಸ್ಟುಡಿಯೋದಲ್ಲೂ ಅಲ್ಲ; ಲಾಸ್ ಏಂಜಲೀಸ್ ಪಕ್ಕದ ಟೊಪಾಂಗಾ ಕಣಿವೆಯ ಒಂದು ಮನೆಯಲ್ಲಿ. ಪಾಲ್ ಬ್ಲೈಸ್‌ಡೆಲ್ ಮತ್ತು ಪತ್ನಿ ಜಾಕಿ ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಫೋಮ್ ರಬ್ಬರಿನ ತುಂಡುಗಳನ್ನು ಅಂಟಿಸಿ, ಕತ್ತರಿಸಿ, ಬಣ್ಣ ಬಳಿದು ಅದಕ್ಕೆ ರೂಪ ಕೊಟ್ಟರು. ಒಳಗೆ ಕೂತು ಆಡಿಸಿದವರೂ ಪಾಲ್ ಅವರೇ. ಸೈನಿಕರು ಬಂದೂಕಿನ ತುದಿಯ ಕತ್ತಿಯಿಂದ ತಿವಿಯುವ ದೃಶ್ಯಕ್ಕೆ ಅವರು ಮಿಲಿಟರಿ ಹೆಲ್ಮೆಟ್ ಹಾಕಿಕೊಂಡು ಒಳಗೆ ಸೇರಿದ್ದರು.

ಶುಕ್ರಗ್ರಹದ ಗುರುತ್ವ ಹೆಚ್ಚಿದ್ದರೆ ಅಲ್ಲಿನ ಪ್ರಾಣಿ ನೆಲಕ್ಕೆ ಹತ್ತಿರವಾಗಿ, ಕುಳ್ಳಗೆ ಬೆಳೆದಿರಬೇಕು ಎಂಬುದು ತಮ್ಮ ಲೆಕ್ಕವಾಗಿತ್ತೆಂದು ನಿರ್ದೇಶಕ ರೋಜರ್ ಕಾರ್ಮನ್ ಮುಂದೆ ಹೇಳುತ್ತಿದ್ದರು. ಸೆಟ್ಟಿಗೆ ಬಂದ ನಾಯಕಿ ಬೆವರ್ಲಿ ಗಾರ್ಲೆಂಡ್ ಆ ಗಿಡ್ಡ ಜೀವಿಯನ್ನು ಕಂಡು, ಜಗತ್ತನ್ನು ಗೆಲ್ಲಲು ಬಂದವನು ನೀನೇನಾ ಎಂದು ಕೇಳಿ ಒಂದು ಒದೆ ಕೊಟ್ಟರಂತೆ. ಆಮೇಲೆ ಬ್ಯೂಲಾಳ ಎತ್ತರ ಹೆಚ್ಚಿತು. ಗುಹೆಯ ಕತ್ತಲಲ್ಲಿ ಅರೆಬರೆ ಕಾಣಲೆಂದು ಮಾಡಿದ್ದ ಅವಳನ್ನು ಕೊನೆಗೆ ಬ್ರಾನ್ಸನ್ ಕಣಿವೆಯ ಹಾಡುಹಗಲಿಗೆ ಎಳೆದು ತಂದರು. ಬಿಸಿಲು ರಬ್ಬರಿನ ಗುಟ್ಟನ್ನೆಲ್ಲ ರಟ್ಟು ಮಾಡಿತು. ಆದರೂ ಆ ಹುಬ್ಬುಗಂಟಿನ ಸಿಟ್ಟನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಇಂಥ ಚಿತ್ರಗಳಿಗೆ ಆಗ ಮಾರುಕಟ್ಟೆ ಸಿದ್ಧವಾಗಿತ್ತು. 1948ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು; ಟಿ.ವಿ. ಮನೆಮನೆಗೆ ಬಂತು, ಹರೆಯದವರು ಕಾರು ಹತ್ತಿ ಡ್ರೈವ್-ಇನ್ ಟಾಕೀಸುಗಳಿಗೆ ಹೊರಟರು. ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮುಯೆಲ್ ಆರ್ಕಾಫ್ 1954ರಲ್ಲಿ ಕಟ್ಟಿದ ಸಂಸ್ಥೆ ಮುಂದೆ ‘ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್’ ಆಗಿ ಈ ಪ್ರೇಕ್ಷಕರನ್ನೇ ನೆಚ್ಚಿ ಬೆಳೆಯಿತು. ಅಲ್ಲಿ ಎಷ್ಟೋ ಸಲ ಮೊದಲು ಹೆಸರು, ಆಮೇಲೆ ಪೋಸ್ಟರ್, ಕೊನೆಗೆ ಕಥೆ.

ಬ್ಲೈಸ್‌ಡೆಲ್ ಈ ಲೋಕಕ್ಕೆ ಬಂದದ್ದೂ ಪೋಸ್ಟರಿನ ದೆಸೆಯಿಂದಲೇ. ‘ದ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ (1955) ಚಿತ್ರದ ಪೋಸ್ಟರಿನಲ್ಲಿ ರಾಕ್ಷಸನಿದ್ದ, ಸಿನಿಮಾದಲ್ಲಿ ಇರಲಿಲ್ಲ. ಹಂಚಿಕೆದಾರರು ರಾಕ್ಷಸನನ್ನು ಕೇಳಿದರು. ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರಕಾರರಾಗಿದ್ದು, ವಿಜ್ಞಾನ ಕಥಾಪತ್ರಿಕೆಗಳಿಗೆ ಮುಖಪುಟ ಬರೆಯುತ್ತಿದ್ದ ಬ್ಲೈಸ್‌ಡೆಲ್ ಅವರಿಗೆ ಸಿಕ್ಕಿದ್ದು ಕೂಲಿಗೆ 200 ಡಾಲರ್, ಸಾಮಗ್ರಿಗೆ ಇನ್ನೊಂದು 200. ಅಷ್ಟರಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆಯೊಂದು ತಯಾರಾಯಿತು.

ಅದೇ ವರ್ಷ ‘ಡೇ ದ ವರ್ಲ್ಡ್ ಎಂಡೆಡ್’ ಬಂತು. ಮೈಗಂಟುವ ಉದ್ದ ಒಳ ಉಡುಪಿನ ಮೇಲೆ ಫೋಮ್ ರಬ್ಬರಿನ ತುಂಡುಗಳನ್ನು ಒಂದೊಂದಾಗಿ ಅಂಟಿಸಿ ಮಾಡಿದ ವೇಷ ಅದು. ಅಚ್ಚು ತೆಗೆದು ಎರಕ ಹೊಯ್ಯುವ ದುಬಾರಿ ದಾರಿ ಅವರದಲ್ಲ. ಕೃತಕ ಮಳೆಯ ದೃಶ್ಯದಲ್ಲಿ ಸ್ಪಂಜು ನೀರು ಕುಡಿದು, ಒಳಗಿದ್ದ ಬ್ಲೈಸ್‌ಡೆಲ್ ಅವರಿಗೆ ಹೆಜ್ಜೆ ಕೀಳುವುದೇ ಕಷ್ಟವಾಯಿತು. ‘ದ ಶೀ-ಕ್ರೀಚರ್’ (1956) ವೇಷವನ್ನಂತೂ ಬದಲಾಯಿಸಿ ಬದಲಾಯಿಸಿ ಹಲವು ಚಿತ್ರಗಳಿಗೆ ದುಡಿಸಿದರು.

1958ರ ‘ಇಟ್! ದ ಟೆರರ್ ಫ್ರಂ ಬಿಯಾಂಡ್ ಸ್ಪೇಸ್’ನಲ್ಲಿ ವೇಷ ತೊಟ್ಟ ರೇ ಕಾರಿಗನ್ ಅಳತೆ ಕೊಡಲು ಟೊಪಾಂಗಾಕ್ಕೆ ಬರಲಿಲ್ಲ. ಮುಖವಾಡ ಚಿಕ್ಕದಾಗಿ, ಬಾಯಿಯಿಂದ ಅವರ ಗಲ್ಲ ಹೊರಗೆ ಇಣುಕಿತು. ಗಲ್ಲಕ್ಕೇ ಬಣ್ಣ ಬಳಿದು ನಾಲಗೆ ಮಾಡಿದರು! ವ್ಯೋಮನೌಕೆಯೊಳಗೆ ಒಬ್ಬೊಬ್ಬರನ್ನೇ ಬೇಟೆಯಾಡುವ ಈ ಜೀವಿಯ ಕಥೆಯನ್ನು 1979ರ ‘ಏಲಿಯನ್’ಗೆ ಪೂರ್ವಜವೆಂದು ವಿಮರ್ಶಕರು ಇಂದಿಗೂ ಹೆಸರಿಸುತ್ತಾರೆ.

ಅದೇ ವರ್ಷದ ‘ಹೌ ಟು ಮೇಕ್ ಎ ಮಾನ್‌ಸ್ಟರ್’ನ ಕಥಾನಾಯಕ, ಸ್ಟುಡಿಯೋ ಕೆಲಸದಿಂದ ಕಿತ್ತುಹಾಕಿದ ಮೇಕಪ್ ಕಲಾವಿದ. ಕೊನೆಯ ಬೆಂಕಿಯ ದೃಶ್ಯಕ್ಕೆ ಬ್ಲೈಸ್‌ಡೆಲ್ ಅವರ ಹಳೆಯ ಮುಖವಾಡಗಳನ್ನು ಗೋಡೆಗೆ ತೂಗುಹಾಕಿದರು; ಕೆಲವು ನಿಜವಾಗಿಯೂ ಸುಟ್ಟುಹೋದವು. ಆ ಹೊತ್ತಿಗೆ ಕೆಲಸವೂ ಕಡಿಮೆಯಾಗುತ್ತಿತ್ತು. ಗೆಳೆಯ ಬಾಬ್ ಬರ್ನ್ಸ್ ಜೊತೆ 1962ರಲ್ಲಿ ‘ಫೆಂಟಾಸ್ಟಿಕ್ ಮಾನ್‌ಸ್ಟರ್ಸ್ ಆಫ್ ದ ಫಿಲ್ಮ್ಸ್’ ಎಂಬ ಪತ್ರಿಕೆ ಆರಂಭಿಸಿದರು. ಏಳು ಸಂಚಿಕೆಗೆ ಅದು ನಿಂತಿತು. ಸಿನಿಮಾದತ್ತ ಅವರು ಮತ್ತೆ ಹೊರಳಲಿಲ್ಲ.

ಅಗ್ಗದ ಚಿತ್ರಗಳೆಂದು ಇವನ್ನು ನಕ್ಕು ಬದಿಗಿಡುವವರು ಗಂಡ-ಹೆಂಡಿರಿಬ್ಬರ ಈ ಕಸುಬನ್ನೂ ಬದಿಗಿಡುತ್ತಾರೆ. ಅವರ ಕೈಯಲ್ಲಿ ಹಣ ಇರಲಿಲ್ಲ, ದಿನಗಳೂ ಇರಲಿಲ್ಲ. ಹಾಗಿದ್ದೂ ಒಂದು ರಾಕ್ಷಸ ಇನ್ನೊಂದರಂತೆ ಇರಲಿಲ್ಲ. ಫೋಮ್ ರಬ್ಬರ್ ಬಾಳುವ ವಸ್ತುವಲ್ಲ. ವರ್ಷಗಳು ಕಳೆದಂತೆ ಗಟ್ಟಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಉಳಿದಿರುವ ಮುಖ್ಯ ಸಾಕ್ಷಿ ಆ ಕಪ್ಪು-ಬಿಳುಪು ಚಿತ್ರಗಳೇ.

ಬ್ಲೈಸ್‌ಡೆಲ್ 1983ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಂಡರು. ರ್‍ಯಾಂಡಿ ಪಾಮರ್ ಬರೆದ ಅವರ ಜೀವನಚರಿತ್ರೆ ಹೊರಬಂದದ್ದು 1997ರಲ್ಲಿ. 2001ರಲ್ಲಿ ಆರ್ಕಾಫ್ ಅವರ ಮಗ ಲೂ ಹಳೆಯ ಐದು ಶೀರ್ಷಿಕೆಗಳನ್ನು ಎತ್ತಿಕೊಂಡು ಟಿ.ವಿ.ಗಾಗಿ ಹೊಸ ಚಿತ್ರಗಳನ್ನು ಮಾಡಿಸಿದಾಗ, ಅವುಗಳಲ್ಲಿ ಮೂರರ ಮೂಲ ಚಿತ್ರಗಳಲ್ಲಿ ಬ್ಲೈಸ್‌ಡೆಲ್ ಅವರ ಕೈಗೆಲಸವಿತ್ತು. ಈ ಸಲ ರಾಕ್ಷಸರನ್ನು ರೂಪಿಸಲು ಆಸ್ಕರ್ ಗೆದ್ದ ಸ್ಟಾನ್ ವಿನ್‌ಸ್ಟನ್ ಇದ್ದರು. ಅದನ್ನು ನೋಡಲು ಬ್ಲೈಸ್‌ಡೆಲ್ ಇರಬೇಕಿತ್ತು.